ಹೊಸ ವಿಆರ್ ಹೆಡ್‌ಸೆಟ್‌ಗೆ ಗ್ರಾಫಿಕ್ಸ್ ಸೆಟ್ಟಿಂಗ್: ಮೊದಲು ಓಟ, ಆಮೇಲೆ ನೋಟ

ಕಣ್ಣಿಗೆ ಕಟ್ಟಿಕೊಂಡು ಗೇಮ್‌ನೊಳಗೇ ಇಳಿದ ಹಾಗೆ ಆಡುವ ವಿಆರ್ ಹೆಡ್‌ಸೆಟ್ ಕೈಗೆ ಬಂದ ದಿನ ಬಹಳ ಜನ ಮಾಡುವುದು ಒಂದೇ ಕೆಲಸ. ಗೇಮ್ ತೆರೆಯುತ್ತಾರೆ, ಸೆಟ್ಟಿಂಗ್ಸ್‌ಗೆ ಹೋಗುತ್ತಾರೆ, ಇದ್ದಬದ್ದದ್ದನ್ನೆಲ್ಲ ಅಲ್ಟ್ರಾಗೆ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೇ ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರ ಹಾಗೆ ಹೊಟ್ಟೆ ತೊಳಸಲು ಶುರುವಾಗುತ್ತದೆ. ಹೆಡ್‌ಸೆಟ್ ಕಳಚಿ ಪಕ್ಕಕ್ಕಿಟ್ಟು, 'ಇದು ನನಗೆ ಆಗಿಬರಲ್ಲ ಬಿಡಿ' ಅಂದುಬಿಡುತ್ತಾರೆ. ನೂರಕ್ಕೆ ತೊಂಬತ್ತು ಸಲ ತೊಂದರೆ ಇರುವುದು ಸೆಟ್ಟಿಂಗ್ ಕೂರಿಸಿದ ಕ್ರಮದಲ್ಲಿ.

ಮಾನಿಟರಿನಲ್ಲಿ ಗೇಮ್ ಸ್ವಲ್ಪ ತಡವರಿಸಿದರೆ ಕಿರಿಕಿರಿ ಆಗುತ್ತದೆ, ಅಷ್ಟೇ. ವಿಆರ್‌ನಲ್ಲಿ ಹಾಗಲ್ಲ. ನೀವು ಕತ್ತು ತಿರುಗಿಸಿದ್ದು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಗೊತ್ತಾಗುತ್ತದೆ, ಆದರೆ ಕಣ್ಣೆದುರಿನ ಚಿತ್ರ ತಡವಾಗಿ ತಿರುಗುತ್ತದೆ, ಇವೆರಡಕ್ಕೂ ತಾಳೆ ಆಗದಿದ್ದಾಗ ಮೈ ಒಪ್ಪುವುದಿಲ್ಲ. ಹಾಗಾಗಿ ಇಲ್ಲಿ ಓಟ ಮೊದಲು, ನೋಟ ಆಮೇಲೆ. ಚಿತ್ರ ಎಡವದೆ ಓಡುವುದು ಖಾತ್ರಿಯಾದ ಮೇಲೆ, ಉಳಿದ ಶಕ್ತಿಯನ್ನು ಅಂದಕ್ಕೆ ಖರ್ಚು ಮಾಡಬೇಕು.

ಇದು ಪಿಸಿ ಅಥವಾ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಹೆಡ್‌ಸೆಟ್ ಜೋಡಿಸಿ ಆಡುವವರಿಗಾಗಿ ಬರೆದದ್ದು. ಹೆಚ್ಚಿನ ಉದಾಹರಣೆ ಮೆಟಾ ಕಂಪನಿಯ ಹೆಡ್‌ಸೆಟ್‌ಗಳಾದ ಕ್ವೆಸ್ಟ್ 2, ಕ್ವೆಸ್ಟ್ 3, 3ಎಸ್‌ಗೆ ಸಂಬಂಧಿಸಿದ್ದು, ಯಾಕೆಂದರೆ ನಮ್ಮ ಕಡೆ ದುಬೈಯಿಂದಲೋ ಅಮೆರಿಕದಿಂದಲೋ ನೆಂಟರ ಸೂಟ್‌ಕೇಸಿನಲ್ಲಿ ಬಂದಿಳಿಯುವುದು ಸಾಮಾನ್ಯವಾಗಿ ಇವೇ. ಪಿಸಿ ಇಲ್ಲದೆ ಹೆಡ್‌ಸೆಟ್‌ನಲ್ಲೇ ನೇರವಾಗಿ ಆಡುವ ಗೇಮ್‌ಗಳಲ್ಲಿ ತಿರುಚುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ. ಅಂಥವರು ಮೊದಲ ಹೆಜ್ಜೆ ಮತ್ತು ಕೊನೆಯ ಭಾಗ ಓದಿದರೆ ಸಾಕು.

ಹೆಜ್ಜೆ 1: ಮೊದಲು ಲೆನ್ಸ್ ಸರಿಮಾಡಿ

'ಚಿತ್ರ ಮಸುಕು, ರೆಸಲ್ಯೂಷನ್ ಎಷ್ಟು ಏರಿಸಲಿ?' ಅಂತ ಕೇಳುವವರಲ್ಲಿ ಅರ್ಧ ಜನರಿಗೆ ರೆಸಲ್ಯೂಷನ್ ಏರಿಸುವ ಅಗತ್ಯವೇ ಇರುವುದಿಲ್ಲ. ಲೆನ್ಸ್ ಅವರ ಕಣ್ಣಿನ ಎದುರಿಗೇ ಇಲ್ಲ, ಅಷ್ಟೇ.

ಎರಡು ಕಣ್ಣಿನ ಪಾಪೆಗಳ ನಡುವಿನ ದೂರಕ್ಕೆ ಐಪಿಡಿ ಅನ್ನುತ್ತಾರೆ. ಕನ್ನಡಕದ ಅಂಗಡಿಯವರು ಪಿಡಿ ಅನ್ನುತ್ತಾರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಯಾವ ಊರಿನ ಕನ್ನಡಕದ ಅಂಗಡಿಗೆ ಹೋಗಿ ಕೇಳಿದರೂ ಅಳೆದು ಹೇಳುತ್ತಾರೆ. ಮನೆಯಲ್ಲೇ ಆಗಬೇಕೆಂದರೆ, ಕನ್ನಡಿ ಮುಂದೆ ನಿಂತು ಮಿಲಿಮೀಟರ್ ಗೆರೆ ಇರುವ ಸ್ಕೇಲನ್ನು ಹುಬ್ಬಿಗೆ ತಾಗಿಸಿ ಹಿಡಿಯಿರಿ. ಬಲಗಣ್ಣು ಮುಚ್ಚಿ ಎಡಗಣ್ಣಿನ ಪಾಪೆಯ ನಡುವಿಗೆ ಸೊನ್ನೆ ಕೂರಿಸಿ, ಆಮೇಲೆ ಸ್ಕೇಲ್ ಅಲುಗಿಸದೆ ಎಡಗಣ್ಣು ಮುಚ್ಚಿ ಬಲಗಣ್ಣಿನ ಪಾಪೆ ಎಲ್ಲಿದೆ ಓದಿಕೊಳ್ಳಿ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 60ರ ಆಸುಪಾಸಿನಲ್ಲಿರುತ್ತದೆ. ಕ್ವೆಸ್ಟ್ 2 ಮತ್ತು 3ಎಸ್‌ನಲ್ಲಿ ಲೆನ್ಸ್ ನಿಲ್ಲುವುದು ಮೂರೇ ಜಾಗದಲ್ಲಿ: 58, 63, 68 ಮಿಲಿಮೀಟರ್. ನಿಮಗೆ ಹತ್ತಿರದ್ದು ಯಾವುದೋ ಅದಕ್ಕೆ ಸರಿಸಿ. ಕ್ವೆಸ್ಟ್ 3ರಲ್ಲಿ ತಿರುಗಿಸುವ ಚಕ್ರವೇ ಇದೆ, ಬೇಕಾದ ಅಂಕಿಗೆ ತಂದು ನಿಲ್ಲಿಸಬಹುದು.

ಇನ್ನು ಹಾಕಿಕೊಳ್ಳುವ ರೀತಿ. ಪಟ್ಟಿಯನ್ನು ತಲೆಯ ಹಿಂದೆ ಬುರುಡೆ ಉಬ್ಬಿರುವ ಜಾಗದ ಕೆಳಗೆ ಕೂರಿಸಿ. ಆಗ ಭಾರವನ್ನು ತಲೆ ಹೊರುತ್ತದೆ, ಮೂಗು ಮತ್ತು ಕೆನ್ನೆ ಹೊರುವುದಿಲ್ಲ. ಈಗ ಹೆಡ್‌ಸೆಟ್‌ನ ಮೆನುವಿನಲ್ಲಿ ಚಿಕ್ಕ ಅಕ್ಷರ ಇರುವ ಒಂದು ಕಡೆ ನೋಡುತ್ತಾ, ಇಡೀ ಡಬ್ಬಿಯನ್ನು ಮೇಲೆ ಕೆಳಗೆ ನಿಧಾನಕ್ಕೆ ಸರಿಸಿ. ಒಂದು ಜಾಗದಲ್ಲಿ ಅಕ್ಷರ ಫಕ್ಕನೆ ಚೂಪಾಗುತ್ತದೆ. ಅಲ್ಲೇ ನಿಲ್ಲಿಸಿ ಪಟ್ಟಿ ಬಿಗಿ ಮಾಡಿ. ಕ್ವೆಸ್ಟ್ 2, 3ಎಸ್‌ನಂಥ ಫ್ರೆನೆಲ್ ಲೆನ್ಸ್‌ಗಳಲ್ಲಿ ಈ ಜಾಗ ತುಂಬಾ ಚಿಕ್ಕದು, ಎರಡು ಮಿಲಿಮೀಟರ್ ತಪ್ಪಿದರೂ ಅಂಚೆಲ್ಲ ಮಂಜಾಗುತ್ತದೆ. ಕ್ವೆಸ್ಟ್ 3ರ ಪ್ಯಾನ್‌ಕೇಕ್ ಲೆನ್ಸ್ ಈ ವಿಷಯದಲ್ಲಿ ತುಂಬಾ ಧಾರಾಳಿ.

ಲೆನ್ಸ್ ಒರೆಸುವುದಕ್ಕೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ. ಸ್ಪಿರಿಟ್ ಬೇಡ, ಸ್ಯಾನಿಟೈಸರ್ ಬೇಡ, ಪಂಚೆ ಚುಂಗು ಅಂತೂ ಬೇಡವೇ ಬೇಡ. ಕನ್ನಡಕ ಹಾಕುವವರು ಕನ್ನಡಕದ ಗಾಜು ಹೆಡ್‌ಸೆಟ್ ಲೆನ್ಸ್‌ಗೆ ಉಜ್ಜುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಒಮ್ಮೆ ಗೀರು ಬಿದ್ದರೆ ಯಾವ ಸೆಟ್ಟಿಂಗೂ ಅದನ್ನು ಅಳಿಸುವುದಿಲ್ಲ.

ಹೆಜ್ಜೆ 2: ರಿಫ್ರೆಶ್ ರೇಟ್ ಒಂದಕ್ಕೆ ನಿಲ್ಲಿಸಿ

ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಅನ್ನುವುದೇ ರಿಫ್ರೆಶ್ ರೇಟ್. 72, 80, 90, 120 ಹರ್ಟ್ಸ್ ಹೀಗೆ ಆಯ್ಕೆ ಇರುತ್ತದೆ. ನಿಮ್ಮ ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ಚಿತ್ರ ಬಿಡಿಸಲು ಸಿಗುವ ಸಮಯವನ್ನು ಇದು ತೀರ್ಮಾನಿಸುತ್ತದೆ. 72ಕ್ಕೆ 13.9 ಮಿಲಿಸೆಕೆಂಡ್, 90ಕ್ಕೆ 11.1, 120ಕ್ಕೆ ಬರೀ 8.3. ಈ ಅಂಕಿಗಳನ್ನು ನೆನಪಿಡಿ, ಮುಂದೆ ಎಲ್ಲ ಲೆಕ್ಕವೂ ಇದರ ಮೇಲೇ ನಿಂತಿದೆ.

ನನ್ನ ಅಭಿಪ್ರಾಯ ಕೇಳಿದರೆ, ಎನ್‌ವಿಡಿಯಾ 3060 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇರುವವರು 120ರ ಆಸೆ ಬಿಡಿ. 90ರಲ್ಲಿ ಶುರು ಮಾಡಿ, ಭಾರದ ಗೇಮ್‌ಗಳಿಗೆ 80 ಅಥವಾ 72ಕ್ಕೆ ಇಳಿಯಿರಿ. ಪೂರ್ತಿ 72 ಸಿಗುವುದು, 90 ಅಂತ ಹೇಳಿಕೊಂಡು ಪದೇಪದೇ 60ಕ್ಕೆ ಕುಸಿಯುವುದಕ್ಕಿಂತ ಎಷ್ಟೋ ಮೇಲು. 72ರಲ್ಲಿ ಬೆಳ್ಳಗಿನ ಆಕಾಶ ನೋಡುವಾಗ ಕೆಲವರಿಗೆ ಪರದೆ ಮಿಣುಕಿದ ಹಾಗೆ ಕಾಣುತ್ತದೆ. ಹಾಗಾದರೆ 80 ಒಳ್ಳೆಯ ರಾಜಿ.

ಪಿಸಿಗೆ ಜೋಡಿಸಲು ಕೇಬಲ್ ಅಥವಾ ಏರ್ ಲಿಂಕ್ (ಮೆಟಾದ್ದೇ ವೈಫೈ ದಾರಿ) ಬಳಸುವವರಿಗೆ ಇದು ಪಿಸಿಯಲ್ಲಿರುವ ಮೆಟಾ ಆ್ಯಪ್‌ನ ಡಿವೈಸಸ್ ವಿಭಾಗದಲ್ಲಿ, ನಿಮ್ಮ ಹೆಡ್‌ಸೆಟ್‌ನ ಗ್ರಾಫಿಕ್ಸ್ ಆಯ್ಕೆಯೊಳಗೆ ಸಿಗುತ್ತದೆ. ಪಿಸಿಯ ಚಿತ್ರವನ್ನು ವೈಫೈ ಮೂಲಕ ಹೆಡ್‌ಸೆಟ್‌ಗೆ ಕಳಿಸುವ ವರ್ಚುವಲ್ ಡೆಸ್ಕ್‌ಟಾಪ್ ಅನ್ನುವ ಬೇರೆ ಆ್ಯಪ್ ಬಳಸುವವರಿಗೆ ಅದರ ಸ್ಟ್ರೀಮಿಂಗ್ ಪುಟದಲ್ಲಿದೆ.

ಹೆಜ್ಜೆ 3: ಪಿಸಿಯಿಂದ ಹೆಡ್‌ಸೆಟ್‌ಗೆ ಬರುವ ದಾರಿ

ಮಲೆನಾಡಿನ ಮನೆಗಳ ಮಟ್ಟಿಗೆ ಅತಿ ಹೆಚ್ಚು ತಲೆ ತಿನ್ನುವ ಭಾಗ ಇದೇ. ಕ್ವೆಸ್ಟ್‌ನಂಥ ಹೆಡ್‌ಸೆಟ್‌ಗೆ ಪಿಸಿಯಿಂದ ಹೋಗುವುದು ನೇರ ಚಿತ್ರ ಅಲ್ಲ, ಒತ್ತಿ ಚಿಕ್ಕದು ಮಾಡಿದ ವಿಡಿಯೊ. ಕೇಬಲ್ ಇದ್ದರೂ ಅಷ್ಟೇ, ವೈಫೈ ಇದ್ದರೂ ಅಷ್ಟೇ. ಈ ಒತ್ತುವಿಕೆ ಜಾಸ್ತಿ ಆದಾಗ ಕಾಡಿನ ಎಲೆ, ಹುಲ್ಲು, ಕತ್ತಲ ಮೂಲೆ, ಹೊಗೆ ಇರುವಲ್ಲೆಲ್ಲ ಚಿತ್ರ ಚೌಕ ಚೌಕವಾಗಿ ಕಲಸಿಹೋಗುತ್ತದೆ. ಅದನ್ನು ಜನ ಗೇಮ್‌ನ ಗ್ರಾಫಿಕ್ಸ್ ಕಳಪೆ ಅಂದುಕೊಂಡು ಟೆಕ್ಸ್ಚರ್ (ವಸ್ತುಗಳ ಮೈಮೇಲೆ ಅಂಟಿಸಿದ ಚಿತ್ರ) ಏರಿಸಲು ಹೋಗುತ್ತಾರೆ. ಪ್ರಯೋಜನ ಇಲ್ಲ, ದಾರಿಯೇ ಕಿರಿದಾಗಿದ್ದರೆ ಏನು ಮಾಡೀತು?

ಮೊದಲಿಗೆ ಒಂದು ಸಮಾಧಾನದ ಸುದ್ದಿ. ನಿಮ್ಮ ಊರಿನ ಇಂಟರ್ನೆಟ್ ಸ್ಪೀಡಿಗೂ ಇದಕ್ಕೂ ಸಂಬಂಧ ಇಲ್ಲ. ಹೊಸನಗರದ ಆಚೆ ಯಾವುದೋ ತೋಟದ ಮನೆಯಲ್ಲಿ ಮಳೆ ಬಂದರೆ ನೆಟ್ ಆಮೆಯಾಗುತ್ತದೆ ಅಂತ ಇದ್ದರೂ ವೈಫೈ ಮೂಲಕ ವಿಆರ್ ಚೆನ್ನಾಗಿ ಓಡುತ್ತದೆ, ಯಾಕೆಂದರೆ ವಿಡಿಯೊ ಓಡಾಡುವುದು ಮನೆಯೊಳಗಿನ ರೌಟರ್ ಮತ್ತು ಹೆಡ್‌ಸೆಟ್ ನಡುವೆ ಮಾತ್ರ. ನೆಟ್ ಬೇಕಾಗುವುದು ಗೇಮ್ ಇಳಿಸಿಕೊಳ್ಳಲು. ಅದು ಬೇರೆ ಗೋಳು. ಹಾಫ್‌ಲೈಫ್ ಅಲಿಕ್ಸ್ ಒಂದೇ 60 ಜಿಬಿ ದಾಟುತ್ತದೆ, ರಾತ್ರಿ ಹಾಕಿ ಮಲಗುವುದೇ ವಾಸಿ.

ಇನ್ನು ಅಸಮಾಧಾನದ ಸುದ್ದಿ ಗೋಡೆ. ಜಂಬಿಟ್ಟಿಗೆ ಅಥವಾ ಮಣ್ಣಿನ ದಪ್ಪ ಗೋಡೆಯ ಹಳೆ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಒಂದು ಕೋಣೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಜಗಲಿಯಲ್ಲಿ ರೌಟರ್, ನಡುಮನೆ ದಾಟಿ ಒಳಕೋಣೆಯಲ್ಲಿ ನೀವು ಅಂದರೆ ಆಗದ ಮಾತು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಈ ಕೆಲಸಕ್ಕೆ ಅದರ ವೇಗ ಸಾಲದು. ಹೀಗೆ ಮಾಡಿ: ಪಿಸಿಯಿಂದ ರೌಟರ್‌ಗೆ ಲ್ಯಾನ್ ಕೇಬಲ್ ಎಳೆಯಿರಿ, ಅದು ಗಿಗಾಬಿಟ್ ಪೋರ್ಟ್ ಆಗಿರಲಿ. ರೌಟರ್ ಅನ್ನು ನೀವು ಆಡುವ ಕೋಣೆಯಲ್ಲೇ, ಎದೆಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಹೆಡ್‌ಸೆಟ್ ಮಾತ್ರ ವೈಫೈನಲ್ಲಿರಲಿ. ನೆಟ್ ಕಂಪನಿಯವರು ಕೊಟ್ಟ ಡಬ್ಬಿ ಜಗಲಿಯಲ್ಲೇ ಇರಬೇಕು ಅಂದರೆ, ವಿಆರ್‌ಗೇ ಅಂತ ಇನ್ನೊಂದು ವೈಫೈ 6 ರೌಟರ್ ತಂದು ಪಿಸಿ ಪಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಗ್ರಾಫಿಕ್ಸ್ ಕಾರ್ಡ್ ಬದಲಿಸುವುದಕ್ಕಿಂತ ಅಗ್ಗ, ಎಷ್ಟೋ ಮನೆಗಳಲ್ಲಿ ಫಲವೂ ಜಾಸ್ತಿ.

ಪಿಸಿಯನ್ನೂ ವೈಫೈನಲ್ಲೇ ಇಟ್ಟರೆ? ವಿಡಿಯೊ ಒಂದು ಸಲ ಗಾಳಿಯಲ್ಲಿ ರೌಟರ್‌ಗೆ ಹೋಗಿ, ಅಲ್ಲಿಂದ ಮತ್ತೆ ಗಾಳಿಯಲ್ಲೇ ಹೆಡ್‌ಸೆಟ್‌ಗೆ ಬರಬೇಕು. ತಡವರಿಕೆ ಗ್ಯಾರಂಟಿ.

ಕೇಬಲ್ ಬಳಸುವವರು ಯುಎಸ್‌ಬಿ 3 ಪೋರ್ಟಿಗೇ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಭಾಗದ, ಮದರ್‌ಬೋರ್ಡಿನಲ್ಲೇ ಇರುವ ಪೋರ್ಟ್ ಆರಿಸಿ. ಹಬ್ ಮೂಲಕ ಬೇಡ. ಮೊಬೈಲ್ ಚಾರ್ಜರ್ ಜೊತೆ ಬಂದ ಕೇಬಲ್ ಬಹುಪಾಲು ಯುಎಸ್‌ಬಿ 2ರದ್ದು. ಅದರಲ್ಲೂ ಲಿಂಕ್ ಶುರುವಾಗುತ್ತದೆ, ಹಾಗಾಗಿ ಸರಿಯಿದೆ ಅಂತ ಭ್ರಮೆ ಆಗುತ್ತದೆ. ಮೆಟಾ ಆ್ಯಪ್‌ನಲ್ಲೇ ಕೇಬಲ್ ಪರೀಕ್ಷೆ ಇದೆ, ಒಮ್ಮೆ ಓಡಿಸಿ ನೋಡಿ.

ಆಮೇಲೆ ಬಿಟ್‌ರೇಟ್ ಮತ್ತು ಕೋಡೆಕ್. ಸೆಕೆಂಡಿಗೆ ಎಷ್ಟು ವಿಡಿಯೊ ಮಾಹಿತಿ ಕಳಿಸುವುದು ಅನ್ನುವುದು ಬಿಟ್‌ರೇಟ್, ವಿಡಿಯೊ ಒತ್ತುವ ವಿಧಾನ ಕೋಡೆಕ್; ಎಚ್‌ಇವಿಸಿ, ಎವಿ1 ಅಂಥ ಎರಡು ವಿಧಾನ. ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಕ್ವೆಸ್ಟ್ 2ಕ್ಕೆ ಎಚ್‌ಇವಿಸಿಯಿಂದ ಶುರು ಮಾಡಿ. ಕ್ವೆಸ್ಟ್ 3 ಅಥವಾ 3ಎಸ್ ಇದ್ದು, ಜೊತೆಗೆ ಎನ್‌ವಿಡಿಯಾ 40 ಸರಣಿ ಅಥವಾ ಎಎಂಡಿ 7000 ಸರಣಿ ಇಲ್ಲವೇ ಅದಕ್ಕಿಂತ ಹೊಸ ಕಾರ್ಡ್ ಇದ್ದರೆ ಎವಿ1 ಹಾಕಿ. ಕಡಿಮೆ ಬಿಟ್‌ರೇಟ್‌ನಲ್ಲೂ ಅದು ಎಲೆ ಹುಲ್ಲನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಬಿಟ್‌ರೇಟ್ ಅನ್ನು 100 ಎಂಬಿಪಿಎಸ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾ ಹೋಗಿ. ಏರಿಸಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು ಕಲ್ಪನೆ. ಹೆಡ್‌ಸೆಟ್ ಆ ವಿಡಿಯೊವನ್ನು ಬಿಚ್ಚಿ ತೋರಿಸಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಕೈ ಆಡಿಸಿದ್ದಕ್ಕೂ ಅದು ಕಾಣುವುದಕ್ಕೂ ನಡುವೆ ಅಂತರ ಬೆಳೆಯುತ್ತದೆ. ಚೌಕಗಳು ಕಾಣದ ಹಂತ ಬಂದ ಕೂಡಲೇ ನಿಲ್ಲಿಸಿ.

ಹೆಜ್ಜೆ 4: ರೆಸಲ್ಯೂಷನ್, ಆದರೆ ಒಂದೇ ಕಡೆ

ಮೊದಲು ಭಾರ ಎಷ್ಟು ಅಂತ ನೋಡೋಣ. ಮಾಮೂಲಿ ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 20 ಲಕ್ಷ ಚುಕ್ಕೆಗಳು. 4ಕೆ ಟಿವಿಯಲ್ಲಿ 83 ಲಕ್ಷ. ಕ್ವೆಸ್ಟ್ 3ರಲ್ಲಿ ಒಂದು ಕಣ್ಣಿಗೆ 2064×2208, ಎರಡೂ ಕಣ್ಣು ಸೇರಿದರೆ 91 ಲಕ್ಷ. ಇಷ್ಟಕ್ಕೇ ಮುಗಿಯುವುದಿಲ್ಲ. ಲೆನ್ಸ್ ಚಿತ್ರವನ್ನು ಬಾಗಿಸುವುದರಿಂದ, ಅದನ್ನು ಸರಿದೂಗಿಸಲು ಪರದೆಯಲ್ಲಿ ಇರುವುದಕ್ಕಿಂತ ದೊಡ್ಡ ಚಿತ್ರ ಬಿಡಿಸಿ ಆಮೇಲೆ ಹಿಂಡಬೇಕು. ವಾಲ್ವ್ ಇಂಡೆಕ್ಸ್ ಅನ್ನುವ ಇನ್ನೊಂದು ಹೆಡ್‌ಸೆಟ್‌ನ ಪರದೆ ಕಣ್ಣಿಗೆ 1440×1600, ಆದರೆ ಸ್ಟೀಮ್ ಗೇಮ್ ಅಂಗಡಿಯ ವಿಆರ್ ತಂತ್ರಾಂಶವಾದ ಸ್ಟೀಮ್‌ವಿಆರ್‌ನಲ್ಲಿ 100 ಪರ್ಸೆಂಟ್ ಅಂದರೆ 2016×2240. ಹೆಚ್ಚೂ ಕಡಿಮೆ ದುಪ್ಪಟ್ಟು. ಮಾನಿಟರಿನಲ್ಲಿ ಎಲ್ಲ ಗೇಮ್ ಅಲ್ಟ್ರಾದಲ್ಲಿ ಓಡಿಸುವ ಕಾರ್ಡ್ ಇಲ್ಲಿ ಮೀಡಿಯಂಗೇ ಬೆವರುವುದು ಇದಕ್ಕೇ.

ಈಗ ಮುಖ್ಯ ವಿಷಯ. ರೆಸಲ್ಯೂಷನ್ ಏರಿಸುವ ಗುಂಡಿ ಮೂರು ಕಡೆ ಇರುತ್ತದೆ: ಮೆಟಾ ಆ್ಯಪ್‌ನಲ್ಲಿ ಅಥವಾ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಒಂದು, ಸ್ಟೀಮ್‌ವಿಆರ್‌ನಲ್ಲಿ ಒಂದು, ಗೇಮ್‌ನೊಳಗೆ ಇನ್ನೊಂದು. ಇವು ಮೂರೂ ಒಂದಕ್ಕೊಂದು ಗುಣಾಕಾರ ಆಗುತ್ತವೆ. ಅಲ್ಲಿ ಸ್ವಲ್ಪ, ಇಲ್ಲಿ ಸ್ವಲ್ಪ ಅಂತ ಏರಿಸಿದರೆ ಕಾರ್ಡ್ ಮೇಲೆ ಬೀಳುವ ಹೊರೆ ನೀವು ಊಹಿಸಿದ್ದಕ್ಕಿಂತ ಎರಡು ಮೂರು ಪಟ್ಟು. ಸಾಲದ್ದಕ್ಕೆ ಸ್ಟೀಮ್‌ವಿಆರ್ 'ಆಟೋ'ದಲ್ಲಿದ್ದರೆ ಅದು ನಿಮ್ಮ ಕಾರ್ಡ್ ನೋಡಿ ತಾನೇ ಒಂದು ಅಂಕಿ ಆರಿಸಿಕೊಂಡಿರುತ್ತದೆ.

ಹಾಗಾಗಿ ಶುರುವಿಗೆ ಎಲ್ಲವನ್ನೂ ನೆಲಕ್ಕೆ ತನ್ನಿ. ಮೆಟಾ ಆ್ಯಪ್‌ನಲ್ಲಿ ಆಟೋಮ್ಯಾಟಿಕ್ ತೆಗೆದು 1.0ಕ್ಕೆ ಇಡಿ. ವರ್ಚುವಲ್ ಡೆಸ್ಕ್‌ಟಾಪ್ ಆದರೆ ಮೀಡಿಯಂ. ಸ್ಟೀಮ್‌ವಿಆರ್‌ನಲ್ಲಿ ಕಸ್ಟಮ್ ಆರಿಸಿ 100 ಪರ್ಸೆಂಟ್. ಗೇಮ್‌ನೊಳಗೆ 1.0 ಅಥವಾ 100. ಮುಂದೆ ಏರಿಸುವಾಗ ಸ್ಟೀಮ್‌ವಿಆರ್‌ನ ಒಂದು ಗುಂಡಿ ಮಾತ್ರ ಮುಟ್ಟಿ. ಅಲ್ಲಿ ಪ್ರತಿ ಗೇಮ್‌ಗೂ ಬೇರೆ ಬೇರೆ ಅಂಕಿ ಇಡಬಹುದು, ಬೀಟ್ ಸೇಬರ್‌ನಂಥ ಹಗುರ ಗೇಮ್‌ಗೆ ಜಾಸ್ತಿ, ಫ್ಲೈಟ್ ಸಿಮ್ಯುಲೇಟರ್‌ಗೆ ಕಮ್ಮಿ.

ಒಂದು ಸೂಕ್ಷ್ಮ. ಸ್ಟೀಮ್‌ವಿಆರ್‌ನ ಪರ್ಸೆಂಟ್ ಒಟ್ಟು ಚುಕ್ಕೆಗಳ ಲೆಕ್ಕ. 150 ಅಂದರೆ ಒಂದೂವರೆ ಪಟ್ಟು ಚುಕ್ಕೆ. ಆದರೆ ಎಷ್ಟೋ ಗೇಮ್‌ಗಳ ಒಳಗಿನ 1.5 ಅನ್ನುವುದು ಅಗಲಕ್ಕೂ ಎತ್ತರಕ್ಕೂ ಬೇರೆ ಬೇರೆಯಾಗಿ 1.5, ಅಂದರೆ ಒಟ್ಟು 2.25 ಪಟ್ಟು. ಒಂದೇ ಅಂಕಿ, ಹೊರೆ ಬೇರೆ.

ಹೆಜ್ಜೆ 5: ಅಂದಾಜು ಬೇಡ, ಅಳೆಯಿರಿ

ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ನೋಡುವ ಅಭ್ಯಾಸ ಬಿಟ್ಟು ಫ್ರೇಮ್ ಟೈಮ್ (ಒಂದು ಚಿತ್ರ ಬಿಡಿಸಲು ಹಿಡಿಯುವ ಸಮಯ) ನೋಡಿ. ಸ್ಟೀಮ್‌ವಿಆರ್‌ನಲ್ಲಿ ಫ್ರೇಮ್ ಟೈಮಿಂಗ್ ಗ್ರಾಫ್ ಪುಕ್ಕಟೆ ಸಿಗುತ್ತದೆ. ವರ್ಚುವಲ್ ಡೆಸ್ಕ್‌ಟಾಪ್‌ನಲ್ಲೂ ಪರ್ಫಾರ್ಮೆನ್ಸ್ ಓವರ್‌ಲೇ ಇದೆ, ಅದರಲ್ಲಿ ಗೇಮ್, ನೆಟ್‌ವರ್ಕ್, ವಿಡಿಯೊ ಬಿಚ್ಚುವ ಸಮಯ ಬೇರೆ ಬೇರೆ ಕಾಣುತ್ತದೆ. ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯಲು ಅದೇ ನನಗೆ ಇಷ್ಟ. ಕಾಸು ಕೊಡಲು ತಯಾರಿದ್ದರೆ ಸ್ಟೀಮ್‌ನಲ್ಲಿ ಎಫ್‌ಪಿಎಸ್‌ವಿಆರ್ ಅನ್ನುವ ಚಿಕ್ಕ ಆ್ಯಪ್ ಇದೆ, ಅಂಕಿಗಳನ್ನು ಮಣಿಕಟ್ಟಿನ ಮೇಲೇ ತೋರಿಸುತ್ತದೆ.

ಗೇಮ್‌ನಲ್ಲಿ ಅತಿ ಭಾರವಾದ ಒಂದು ದೃಶ್ಯ ಆರಿಸಿ, ಪ್ರತಿ ಸಲವೂ ಅಲ್ಲೇ ಅಳೆಯಿರಿ. ಕಾರ್ ರೇಸ್ ಆದರೆ ಎಲ್ಲ ಕಾರು ನಿಂತಿರುವ ಸಾಲಿನ ಕೊನೆಯಲ್ಲಿ ನೀವಿದ್ದು, ರಾತ್ರಿ ಮಳೆ ಇರಲಿ. ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸಿ ಸೆಟ್ಟಿಂಗ್ ಕೂರಿಸಿದರೆ ರೇಸ್ ಶುರುವಾದ ಕೂಡಲೇ ಎಲ್ಲ ಕುಸಿಯುತ್ತದೆ. 90 ಹರ್ಟ್ಸ್‌ಗೆ ಮಿತಿ 11.1 ಮಿಲಿಸೆಕೆಂಡ್ ಅಂದೆವಲ್ವಾ, ಆ ದೃಶ್ಯದಲ್ಲಿ 9.5ರ ಸುತ್ತ ಇರುವ ಹಾಗೆ ನೋಡಿಕೊಳ್ಳಿ. ಉಳಿದದ್ದು ಅನಿರೀಕ್ಷಿತ ಸ್ಫೋಟಕ್ಕೆ, ಹೊಗೆಗೆ, ಹಿನ್ನೆಲೆಯಲ್ಲಿ ಏಳುವ ವಿಂಡೋಸ್ ಅಪ್‌ಡೇಟ್‌ಗೆ.

ಸಮಯ ಮಿತಿ ಮೀರಿದರೆ ಯಾರ ತಪ್ಪು? ಗ್ರಾಫಿಕ್ಸ್ ಕಾರ್ಡಿನದೋ ಪ್ರೊಸೆಸರ್‌ನದೋ? ಸುಲಭದ ಪರೀಕ್ಷೆ ಇದೆ. ರೆಸಲ್ಯೂಷನ್ ಅನ್ನು 100ರಿಂದ 60ಕ್ಕೆ ಇಳಿಸಿ. ಫ್ರೇಮ್ ಟೈಮ್ ಚೆನ್ನಾಗಿ ಇಳಿದರೆ ಕಾರ್ಡ್ ಹೆಣಗುತ್ತಿತ್ತು ಅಂತ ಅರ್ಥ. ಜಪ್ಪಯ್ಯ ಅಂದರೂ ಇಳಿಯದಿದ್ದರೆ ಹೆಣಗುತ್ತಿರುವುದು ಪ್ರೊಸೆಸರ್. ಆಗ ರೆಸಲ್ಯೂಷನ್ ಇಳಿಸಿ ಸುಮ್ನೆ ಮಸುಕು ಮಾಡಿಕೊಳ್ಳಬೇಡಿ. ಎದುರಾಳಿ ಕಾರುಗಳ ಸಂಖ್ಯೆ, ಜನಜಂಗುಳಿ, ಟ್ರಾಫಿಕ್, ದೂರದ ವಸ್ತುಗಳ ವಿವರ ಇವನ್ನು ಕಮ್ಮಿ ಮಾಡಿ.

ಹೆಜ್ಜೆ 6: ಗೇಮ್‌ನೊಳಗೆ ಏನು ಕತ್ತರಿಸಬೇಕು

ಕೆಲವನ್ನು ಯೋಚನೆಯೇ ಮಾಡದೆ ಆಫ್ ಮಾಡಿ: ಮೋಷನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್, ಫಿಲ್ಮ್ ಗ್ರೇನ್, ಲೆನ್ಸ್ ಫ್ಲೇರ್, ಕ್ರೊಮ್ಯಾಟಿಕ್ ಅಬೆರೇಷನ್. ಇವೆಲ್ಲ ಕ್ಯಾಮೆರಾದ ದೋಷಗಳನ್ನು ಅಂದಕ್ಕೆಂದು ನಕಲು ಮಾಡುವ ಸೆಟ್ಟಿಂಗ್‌ಗಳು. ವಿಆರ್‌ನಲ್ಲಿ ನೋಡುತ್ತಿರುವುದು ನಿಮ್ಮ ಸ್ವಂತ ಕಣ್ಣು, ಅಲ್ಲಿ ಕ್ಯಾಮೆರಾಕ್ಕೇನು ಕೆಲಸ?

ಆಮೇಲೆ ನೆರಳು. ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ, ಆದರೆ ಫ್ರೇಮ್ ಟೈಮ್‌ನಲ್ಲಿ ಕಾಣುತ್ತದೆ. ಪೂರ್ತಿ ಆಫ್ ಮಾತ್ರ ಮಾಡಬೇಡಿ. ನೆರಳಿಲ್ಲದ ವಸ್ತು ನೆಲಕ್ಕೆ ತಾಗದೆ ತೇಲಿದ ಹಾಗಿರುತ್ತದೆ, ದೂರದ ಅಂದಾಜೇ ಕೆಡುತ್ತದೆ. ಮಂಜು, ಬೆಳಕಿನ ಕೋಲು ತೋರಿಸುವ ವಾಲ್ಯುಮೆಟ್ರಿಕ್ ಸೆಟ್ಟಿಂಗ್ ಲೋಗೆ ಇಳಿಸಿ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಆಫ್. ನೀರಿನ ಮೇಲಿನ ಪ್ರತಿಬಿಂಬ ಎಡಗಣ್ಣಿಗೊಂದು ಬಲಗಣ್ಣಿಗೊಂದು ಕಾಣಿಸಿ ಕಣ್ಣು ನೋಯುವುದು ಹೆಚ್ಚಾಗಿ ಇದರಿಂದಲೇ. ಕಾರಿನ ಕನ್ನಡಿಗಳನ್ನೂ ಗಮನಿಸಿ. ಪ್ರತಿ ಕನ್ನಡಿಯೂ ಹಿಂದಿನ ರಸ್ತೆಯನ್ನು ಇನ್ನೊಂದು ಸಲ ಬಿಡಿಸುತ್ತದೆ, ಹಾಗಾಗಿ ಕನ್ನಡಿಯ ಗುಣಮಟ್ಟ ಇಳಿಸಿದರೆ ಕಾರ್ಡಿಗೂ ಪ್ರೊಸೆಸರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಟೆಕ್ಸ್ಚರ್ ಮಾತ್ರ ಬೇರೆ ಜಾತಿ. ಅದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಸಂಬಂಧಿಸಿದ್ದು. ಮೆಮೊರಿ ಸಾಲುವ ತನಕ ಹೈನಲ್ಲಿಟ್ಟರೂ ವೇಗ ಬೀಳುವುದಿಲ್ಲ. ಸಾಲದೆ ಹೋದ ಕ್ಷಣ ಗೇಮ್ ಜರ್ಕ್ ಹೊಡೆಯಲು ಶುರು ಮಾಡುತ್ತದೆ, ಅದೂ ಕತ್ತು ತಿರುಗಿಸಿದಾಗಲೇ. 6 ಜಿಬಿ ಕಾರ್ಡಿನವರು ಮೀಡಿಯಂ, 8 ಜಿಬಿಯವರು ಹೈ, ಅಲ್ಲಿಂದ ನೋಡಿಕೊಂಡು.

ಅಂಚುಗಳ ಗರಗಸ ತೆಗೆಯುವ ಆ್ಯಂಟಿ ಅಲಿಯಾಸಿಂಗ್ ಬಗ್ಗೆ ನನ್ನದು ಸ್ವಲ್ಪ ಹಟ. ಇದರಲ್ಲಿ ಎಂಎಸ್‌ಎಎ, ಟಿಎಎ ಅಂತ ಬೇರೆ ಬೇರೆ ವಿಧಾನಗಳಿವೆ. ಗೇಮ್‌ನಲ್ಲಿ ಎಂಎಸ್‌ಎಎ ಇದ್ದರೆ ಅದನ್ನೇ ಹಾಕಿ, 4ಎಕ್ಸ್ ಸಾಕು. ಟಿಎಎ ಮಾನಿಟರಿನಲ್ಲಿ ಚೆಂದ, ಹೆಡ್‌ಸೆಟ್‌ನಲ್ಲಿ ಮಾತ್ರ ದೂರದ್ದೆಲ್ಲ ಎಣ್ಣೆ ಸವರಿದ ಗಾಜಿನ ಹಿಂದೆ ಇದ್ದಂತೆ. ಪರೀಕ್ಷೆ ಬೇಕೆಂದರೆ ಕಾರಿನ ಡ್ಯಾಶ್‌ಬೋರ್ಡ್ ನೋಡಿ. ಸ್ಪೀಡೋಮೀಟರಿನ ಮುಳ್ಳು, ಅದರ ಕೆಳಗಿನ ಚಿಕ್ಕ ಅಂಕಿಗಳು, ಪೆಟ್ರೋಲ್ ಗುರುತಿನ ಪುಟ್ಟ ಚಿತ್ರ. ಮೊದಲು ತಲೆ ಅಲ್ಲಾಡಿಸದೆ ಓದಿ, ಆಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸುತ್ತಾ ಓದಿ. ಟಿಎಎಯಲ್ಲಿ ಎರಡನೆಯ ಸಲ ಅಂಕಿಗಳಿಗೆ ಬಾಲ ಬೆಳೆಯುತ್ತದೆ. ಎಂಎಸ್‌ಎಎಯಲ್ಲಿ ನಿಂತಲ್ಲೇ ನಿಂತಿರುತ್ತವೆ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇದ್ದರೆ ಕ್ವಾಲಿಟಿ ಹಂತದಲ್ಲಿ ಮಾತ್ರ ಬಳಸಿ, ಪರ್ಫಾರ್ಮೆನ್ಸ್ ಹಂತ ಹೆಡ್‌ಸೆಟ್‌ಗೆ ಆಗುವುದಿಲ್ಲ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಅದೇ ದೃಶ್ಯಕ್ಕೆ ಹೋಗಿ, ಅಂಕಿ ನೋಡಿ, ಬರೆದಿಡಿ. ಬೇಸರದ ಕೆಲಸ, ಒಪ್ಪಿದೆ. ಆದರೆ ಐದು ಗುಂಡಿ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣ ಸಿಕ್ಕಿತು ಅಂತ ದೇವರಾಣೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮಿತಿಯೊಳಗೆ ಬರದಿದ್ದರೆ ಕೊನೆಯ ದಾರಿ ಅಂದರೆ ಸ್ಟೀಮ್‌ವಿಆರ್‌ನ ಮೋಷನ್ ಸ್ಮೂದಿಂಗ್, ಮೆಟಾದ ಎಎಸ್‌ಡಬ್ಲ್ಯು, ವರ್ಚುವಲ್ ಡೆಸ್ಕ್‌ಟಾಪ್‌ನ ಎಸ್‌ಎಸ್‌ಡಬ್ಲ್ಯು. ಮೂರೂ ಒಂದೇ ಕೆಲಸ ಮಾಡುತ್ತವೆ. ಗೇಮ್ ಸೆಕೆಂಡಿಗೆ 45 ಚಿತ್ರ ಕೊಟ್ಟರೆ ನಡುವಿನ 45ನ್ನು ಊಹಿಸಿ ತುಂಬಿಸುತ್ತವೆ. ವಿಮಾನ ಹಾರಿಸುವ ಗೇಮ್‌ಗೆ ಇದು ವರದಾನ, ಅಲ್ಲಿ ಎಲ್ಲವೂ ನಿಧಾನ. ಕೈ ಬೀಸುವ, ಕತ್ತಿ ಝಳಪಿಸುವ ಗೇಮ್‌ಗೆ ಬೇಡ, ಕೈಯ ಸುತ್ತ ಗಾಳಿ ಅಲುಗಿದ ಹಾಗೆ ಕಾಣುತ್ತದೆ.

ಲ್ಯಾಪ್‌ಟಾಪ್‌ನವರಿಗೆ ಮತ್ತು ಕರೆಂಟಿನ ಬಗ್ಗೆ

ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿಯೇ ಆಡಿ. ಬ್ಯಾಟರಿಯಲ್ಲಿದ್ದಾಗ ಗ್ರಾಫಿಕ್ಸ್ ಚಿಪ್ ತನ್ನ ವೇಗ ಅರ್ಧಕ್ಕಿಂತ ಕೆಳಗೆ ಇಳಿಸಿಕೊಳ್ಳಬಹುದು. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಗೇಮ್‌ಗೂ ವಿಆರ್ ಆ್ಯಪ್‌ಗೂ ಹೈ ಪರ್ಫಾರ್ಮೆನ್ಸ್ ಆರಿಸಿ, ಇಲ್ಲದಿದ್ದರೆ ಕೆಲವೊಮ್ಮೆ ಪ್ರೊಸೆಸರ್ ಒಳಗಿನ ಚಿಕ್ಕ ಗ್ರಾಫಿಕ್ಸ್ ಮೇಲೆ ಓಡಿ ನಿಮ್ಮನ್ನು ಗೊಂದಲಕ್ಕೆ ಕೆಡವುತ್ತದೆ. ಹಿಂಭಾಗ ಎತ್ತರ ಮಾಡಿ ಗಾಳಿ ಆಡಲು ಬಿಡಿ. ಶುರುವಿನಲ್ಲಿ ಸರಿಯಿದ್ದು ಅರ್ಧ ಗಂಟೆಗೆ ತಡವರಿಸಿದರೆ ಅದು ಬಿಸಿ, ಸೆಟ್ಟಿಂಗ್ ಅಲ್ಲ. ಆಡಿ ಬಿಸಿಯಾದ ಮೇಲೆ ಒಮ್ಮೆ ಅಳೆದು, ಆ ಅಂಕಿಯನ್ನೇ ನಂಬಿ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಡೆಸ್ಕ್‌ಟಾಪ್ ಇರುವವರು ಪಿಸಿ ಮತ್ತು ರೌಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಮನೆಯ ಇನ್ವರ್ಟರ್ ಕರೆಂಟ್ ಬದಲಿಸುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಬಿಡಬಹುದು. ಯುಪಿಎಸ್‌ನ ಸಾಮರ್ಥ್ಯ ನಿಮ್ಮ ಕಾರ್ಡ್ ಪೂರ್ತಿ ಓಡುವಾಗ ಎಳೆಯುವ ವಾಟ್‌ಗೆ ಸಾಕಾಗಬೇಕು. ಆಫೀಸ್ ಕಂಪ್ಯೂಟರಿಗೆ ಅಂತ ಕೊಡುವ ಚಿಕ್ಕದು ಸಾಲುವುದಿಲ್ಲ, ಗೇಮ್ ನಡುವೆ ಕೀಂ ಅಂತ ಕೂಗಿ ಕೈ ಎತ್ತುತ್ತದೆ.

ಬೆಳಕು, ತೇವ, ಗಾಜಿನ ಹೆಂಚು

ಹೆಡ್‌ಸೆಟ್‌ನ ಕ್ಯಾಮೆರಾಗಳು ಕೋಣೆಯನ್ನು ನೋಡಿಯೇ ನೀವು ಎಲ್ಲಿದ್ದೀರಿ ಅಂತ ತಿಳಿಯುತ್ತವೆ. ಆಷಾಢದ ಮಧ್ಯಾಹ್ನದ ಕತ್ತಲೆಯಲ್ಲಿ ಲೈಟ್ ಹಾಕದೆ ಆಡಿದರೆ ಚಿತ್ರ ನಡುಗುತ್ತದೆ. ಅದನ್ನೂ ಗ್ರಾಫಿಕ್ಸ್ ತಪ್ಪು ಅಂದುಕೊಳ್ಳುವವರಿದ್ದಾರೆ. ಲೈಟ್ ಹಾಕಿ. ಕ್ವೆಸ್ಟ್‌ನ ಟ್ರ್ಯಾಕಿಂಗ್ ಸೆಟ್ಟಿಂಗ್‌ನಲ್ಲಿ ಫ್ರೀಕ್ವೆನ್ಸಿ ಅಂತ ಇದೆ, ಅದನ್ನು 50 ಹರ್ಟ್ಸ್‌ಗೆ ಇಡಿ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟ್ ಮಿಣುಕುವುದೂ ಅದರ ಲೆಕ್ಕದಲ್ಲೇ. ಅಮೆರಿಕದ್ದು 60. ಅಪ್ಪಟ ಬಿಳಿ ಸುಣ್ಣದ ಖಾಲಿ ಗೋಡೆಯಲ್ಲಿ ಕ್ಯಾಮೆರಾಗೆ ಹಿಡಿದುಕೊಳ್ಳಲು ಗುರುತು ಸಿಗುವುದಿಲ್ಲ, ಎರಡು ಕ್ಯಾಲೆಂಡರ್ ತೂಗುಹಾಕಿದರೂ ಸಾಕು.

ಆಡುವ ಜಾಗದ ಗಡಿ ಗುರುತಿಸುವಾಗ ಮನೆಯವರ ಓಡಾಟವನ್ನೂ ಲೆಕ್ಕಕ್ಕಿಡಿ. 'ಎಂಥದಾ ಮಾಣಿ ಅದು, ಕಣ್ಣಿಗೆ ಕಟ್ಕಂಡು ಕುಣಿಯೂದು?' ಅಂತ ಕೇಳುತ್ತಾ ಅಜ್ಜಿ ಕಾಫಿ ಲೋಟ ಹಿಡಿದು ಹತ್ತಿರ ಬಂದಿರುತ್ತಾರೆ, ನೀವು ಅದೇ ಹೊತ್ತಿಗೆ ಕತ್ತಿ ಬೀಸುತ್ತಿರುತ್ತೀರಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ತೇವದ್ದೇ ಯೋಚನೆ. ತಣ್ಣಗಿರುವ ಲೆನ್ಸ್‌ಗೆ ಮುಖದ ಬಿಸಿ ಉಸಿರು ತಾಗಿದ ಕೂಡಲೇ ಮಂಜು ಕಟ್ಟುತ್ತದೆ. ಹೆಡ್‌ಸೆಟ್ ಆನ್ ಮಾಡಿ ಹಾಕಿಕೊಳ್ಳುವ ಮೊದಲು ಐದು ನಿಮಿಷ ಸುಮ್ನೆ ಬಿಡಿ, ಬಿಸಿಯಾಗುತ್ತದೆ. ಆಡಿದ ಮೇಲೆ ಮುಖದ ಮೆತ್ತೆ ಬಿಚ್ಚಿ ಒಣಗಲು ಬಿಡಿ, ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಕ್ಯಾಮೆರಾ ಲೆನ್ಸ್‌ಗೆ ಫಂಗಸ್ ಹಿಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಇನ್ನೊಂದು ಅಪಾಯ. ಹೆಡ್‌ಸೆಟ್‌ನ ಲೆನ್ಸ್ ಭೂತಗನ್ನಡಿಯ ಕೆಲಸವನ್ನೇ ಮಾಡುತ್ತದೆ. ಬಿಸಿಲು ನೇರ ಅದರೊಳಗೆ ಬಿದ್ದರೆ ಹಿಂದಿನ ಪರದೆ ಸುಟ್ಟು, ಅಳಿಸಲಾಗದ ಕಲೆ ಉಳಿಯುತ್ತದೆ. ಇದಕ್ಕೆ ನಿಮಿಷಗಳೇ ಸಾಕು. ಕಿಟಕಿ ಹತ್ತಿರ ಇಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಹೆಂಚಿನ ಮನೆಯಲ್ಲಿ ಅಷ್ಟು ಸಾಲದು. ಬೆಳಕಿಗೆ ಅಂತ ಮಾಡಿನಲ್ಲಿ ಕೂರಿಸಿದ ಒಂದು ಗಾಜಿನ ಹೆಂಚು ಇರುತ್ತದಲ್ಲ, ಅದರಿಂದ ಇಳಿಯುವ ಬಿಸಿಲಿನ ಚೌಕ ಬೆಳಿಗ್ಗೆ ಒಂದು ಗೋಡೆಯ ಬುಡದಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಬಂದಿರುತ್ತದೆ. ನೆರಳಿನಲ್ಲಿ ಇಟ್ಟಿದ್ದ ಹೆಡ್‌ಸೆಟ್ ನೀವು ಊಟ ಮುಗಿಸಿ ಬರುವಷ್ಟರಲ್ಲಿ ಬಿಸಿಲಿನಲ್ಲಿರುತ್ತದೆ. ಹಾಗಾಗಿ ಲೆನ್ಸ್ ಕೆಳಮುಖ ಮಾಡಿ, ಬಟ್ಟೆ ಮುಚ್ಚಿ ಇಡಿ. ಡಬ್ಬದೊಳಗೆ ಇಟ್ಟರೆ ತೇವಕ್ಕೂ ಬಿಸಿಲಿಗೂ ಒಂದೇ ಉತ್ತರ.

ಇನ್ನೊಂದು ಮಾತು, ಗ್ರಾಫಿಕ್ಸ್ ಡ್ರೈವರ್, ಸ್ಟೀಮ್‌ವಿಆರ್ ಅಥವಾ ಹೆಡ್‌ಸೆಟ್ ಅಪ್‌ಡೇಟ್ ಆದಾಗ ರಿಫ್ರೆಶ್ ರೇಟ್, ಬಿಟ್‌ರೇಟ್, ರೆಸಲ್ಯೂಷನ್ ಕೆಲವೊಮ್ಮೆ ತಾವಾಗಿಯೇ ಹಳೆಯ ಜಾಗಕ್ಕೆ ಹೋಗಿ ಕೂತಿರುತ್ತವೆ. ನಿನ್ನೆ ಚೆನ್ನಾಗಿದ್ದದ್ದು ಇವತ್ತು ತಡವರಿಸಿದರೆ, ಬರೆದಿಟ್ಟ ಚೀಟಿ ತೆಗೆದು ಈ ಮೂರನ್ನು ಮೊದಲು ನೋಡಿ. ಗೇಮ್‌ನೊಳಗಿನದಕ್ಕೆ ಆಮೇಲೆ ಕೈ ಹಾಕಿ.